ಮಗನ ಗೇಮ್ ಮೂಲಗೇಣಿಯೋ, ಚಾಲಗೇಣಿಯೋ?

ಜುಲೈ ಬಂತೆಂದರೆ ಶಾರ್ಜಾದ ನಮ್ಮ ಕಟ್ಟಡದ ಲಿಫ್ಟ್‌ನಲ್ಲಿ ಜನರಿಗಿಂತ ಪೆಟ್ಟಿಗೆಗಳೇ ಹೆಚ್ಚು. ಶಾಲೆಗೆ ರಜೆ, ಊರಿಗೆ ಟಿಕೆಟ್, ತೂಕ ನೋಡಿ ಬಿಚ್ಚಿ ಮತ್ತೆ ಕಟ್ಟುವ ಸೂಟ್‌ಕೇಸ್. ಕೆಲವರು ಎರಡು ತಿಂಗಳಿಗೆ ಹೋಗುವವರು, ಕೆಲವರು ಕಾಯಂ ಆಗಿ ಹೊರಡುವವರು. ಕಳೆದ ವರ್ಷ ನಮ್ಮ ಪಕ್ಕದ ಫ್ಲ್ಯಾಟಿನ ಬಂಟ್ವಾಳದ ಕುಟುಂಬ ಕಾಯಂ ಆಗಿ ಹೊರಟಿತು. 14 ವರ್ಷದ ನೌಕರಿ ಮುಗಿಸಿ, ಗ್ರಾಚ್ಯುಟಿ ಲೆಕ್ಕ ಚುಕ್ತಾ ಮಾಡಿಸಿಕೊಂಡು, ವೀಸಾ ರದ್ದು ಮಾಡಿಸಿದರು. ಸೋಫಾ, ಫ್ರಿಜ್, ವಾಷಿಂಗ್ ಮಷಿನ್ ಒಂದೇ ವಾರದಲ್ಲಿ ಮಾರಿಹೋದವು.

ಅವರ ಮಗ ಹತ್ತನೇ ತರಗತಿ. ತನ್ನ ಗೇಮ್ ಡಿಸ್ಕ್‌ಗಳಲ್ಲಿ ಆರನ್ನು ಮಾರಿ, ಎರಡನ್ನು ನಮ್ಮ ಮಗನಿಗೆ ಕೊಟ್ಟ. ‘ಉಳಿದ ಮೂವತ್ತು ಗೇಮ್ ಎಲ್ಲ ಅಕೌಂಟ್‌ನಲ್ಲೇ ಇವೆ ಅಂಕಲ್, ತೂಕವೇ ಇಲ್ಲ’ ಎಂದು ನಕ್ಕ. ಹುಡುಗ ಜಾಣ ಎಂದುಕೊಂಡೆವು. ನಮ್ಮ ಮನೆಯಲ್ಲೂ ಅದೇ ನೀತಿ ಇತ್ತು. ಡಿಸ್ಕ್ ಧೂಳು ತಿನ್ನುತ್ತದೆ, ಗೀರು ಬೀಳುತ್ತದೆ, ಜಾಗ ಹಿಡಿಯುತ್ತದೆ. ಡಿಜಿಟಲ್ ಆದರೆ ಸೇಲ್ ಬಂದಾಗ ಅರ್ಧ ಬೆಲೆಗೆ ಸಿಗುತ್ತದೆ ಎಂದು ಮಗನಿಗೆ ಹೇಳಿಕೊಟ್ಟವರು ನಾವೇ.

ಮೂರು ತಿಂಗಳ ನಂತರ ಬಂಟ್ವಾಳದಿಂದ ಫೋನ್ ಬಂತು. ಮನೆ ಬದಲಾಯಿಸಿದ ಮೇಲೆ ಕನ್ಸೋಲ್ ಮತ್ತೆ ಲಾಗಿನ್ ಕೇಳಿದೆ. ಒಟಿಪಿ ಹೋಗಿದ್ದು ಇಲ್ಲಿಯ ಮೊಬೈಲ್ ನಂಬರಿಗೆ. ಆ ನಂಬರನ್ನು ಹೊರಡುವ ಹಿಂದಿನ ವಾರವೇ ರದ್ದು ಮಾಡಿಸಿದ್ದರು. ಕಂಪನಿಗೆ ಇ-ಮೇಲ್ ಮೇಲೆ ಇ-ಮೇಲ್ ಬರೆದರು. ವರ್ಷಗಳ ಹಿಂದಿನ ಖರೀದಿಯ ರಸೀದಿ ಕೇಳಿದರು, ಹುಡುಕಿ ಕಳಿಸಿದರು. ವಾರಗಳು ಕಳೆದ ಮೇಲೆ ಖಾತೆ ತೆರೆಯಿತು. ಆದರೆ ಅದು ಎಮಿರೇಟ್ಸ್‌ನಲ್ಲಿ ತೆರೆದ ಖಾತೆ, ದೇಶ ಬದಲಾಯಿಸಲು ದಾರಿಯಿಲ್ಲ. ಅದರ ವಾಲೆಟ್‌ನಲ್ಲಿ ಉಳಿದ ಹಣ ರೂಪಾಯಿ ಆಗುವುದಿಲ್ಲ, ಭಾರತದ ಬ್ಯಾಂಕ್ ಕಾರ್ಡನ್ನು ಅದು ಒಪ್ಪುವುದಿಲ್ಲ. ಭಾರತದ ಹೊಸ ಖಾತೆ ತೆರೆದರೆ ಹಳೆಯ ಗೇಮ್‌ಗಳು ಅದಕ್ಕೆ ವರ್ಗವಾಗುವುದಿಲ್ಲ. ಹಳೆಯವನ್ನು ಆಡಬಹುದು, ಅಷ್ಟೇ. ‘ಮಾರಿದ ಆರು ಡಿಸ್ಕ್‌ಗೆ ದುಡ್ಡು ಬಂತು, ಉಳಿಸಿಕೊಂಡ ಮೂವತ್ತಕ್ಕೆ ತಲೆನೋವು ಬಂತು’ ಎಂದರು ಹುಡುಗನ ತಂದೆ.

ಫೋನ್ ಇಟ್ಟ ಮೇಲೆ ನಮ್ಮ ಲೆಕ್ಕಿಗ ಬುದ್ಧಿ ಕೆಲಸ ಶುರು ಮಾಡಿತು. ಮಗನಿಗಾಗಿ 270 ದಿರ್ಹಮ್ ಕೊಟ್ಟು ಒಂದು ಡಿಸ್ಕ್ ತಂದಿದ್ದೆವು. ಮೂರು ತಿಂಗಳು ಆಡಿ ಮುಗಿಸಿದ ಮೇಲೆ ಬಳಸಿದ ಗೇಮ್ ಕೊಳ್ಳುವ ಅಂಗಡಿಯಲ್ಲಿ ಅದು 150ಕ್ಕೆ ಹೋಯಿತು. ಅಲ್ಲಿಗೆ ನಿಜವಾದ ಖರ್ಚು 120. ಅದೇ ಗೇಮ್ ಮುಂದೆ ಡಿಜಿಟಲ್ ಸೇಲ್‌ನಲ್ಲಿ ಅರ್ಧ ಬೆಲೆಗೆ, 135ಕ್ಕೆ ಬಂತು. ಅಗ್ಗ ಎನಿಸುತ್ತದೆ. ಆದರೆ ಆ 135ರಲ್ಲಿ ಒಂದು ದಿರ್ಹಮ್ ಕೂಡ ಮರಳಿ ಬರುವುದಿಲ್ಲ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಡಿಸ್ಕ್ ಒಂದು ಆಸ್ತಿ, ಡಿಜಿಟಲ್ ಒಂದು ಖರ್ಚು.

ಈ ವಿಷಯ ಕುಂದಾಪುರದ ಅಪ್ಪಯ್ಯನಿಗೆ ವಿಡಿಯೊ ಕಾಲ್‌ನಲ್ಲಿ ವಿವರಿಸಿದೆವು. ಗೇಮ್ ಎಂದರೆ ಅವರಿಗೆ ತಿಳಿಯದು, ಆದರೆ ಗೇಣಿ ತಿಳಿಯುತ್ತದೆ. ನಮ್ಮ ಅಜ್ಜ ಬೇರೆಯವರ ಗದ್ದೆ ಸಾಗುವಳಿ ಮಾಡುತ್ತಿದ್ದವರು. 1974ರ ಭೂ ಸುಧಾರಣೆ ಕಾನೂನು ಬಂದ ಮೇಲೆ ಡಿಕ್ಲರೇಷನ್ ಹಾಕಿ ಆ ಗದ್ದೆ ನಮ್ಮದಾಯಿತು. ಕರಾವಳಿಯಲ್ಲಿ ಮೂಲಗೇಣಿ ಎಂದರೆ ವಂಶಪಾರಂಪರ್ಯವಾಗಿ ಉಳಿಯುವ ಕಾಯಂ ಗೇಣಿ. ಚಾಲಗೇಣಿ ಎಂದರೆ ಧಣಿ ಇರು ಎಂದಷ್ಟು ದಿನ ಇರುವುದು, ಏಳು ಎಂದ ದಿನ ಏಳುವುದು. ಎಲ್ಲ ಕೇಳಿಸಿಕೊಂಡು ಅಪ್ಪಯ್ಯ ಒಂದೇ ಪ್ರಶ್ನೆ ಕೇಳಿದರು: ‘ಮಗಾ, ಅದ್ ಮೂಲಗೇಣಿಯಾ, ಚಾಲಗೇಣಿಯಾ?’

ಚಾಲಗೇಣಿಯೇ. ಪರದೆಯ ಮೇಲೆ ‘ಖರೀದಿಸಿ’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ನಮಗೆ ಸಿಗುವುದು ಗೇಮ್ ಅಲ್ಲ, ಆಡುವ ಪರವಾನಗಿ. ಮಾರುವಂತಿಲ್ಲ, ಇನ್ನೊಬ್ಬರ ಹೆಸರಿಗೆ ಮಾಡುವಂತಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ಗಮನಿಸಿ 2024ರಲ್ಲಿ ಕಾನೂನು ಮಾಡಿತು. ಡಿಜಿಟಲ್ ಸರಕು ಮಾರುವಾಗ ‘ಖರೀದಿ’ ಎಂಬ ಪದ ಬಳಸಬೇಕಾದರೆ, ಇದು ಪರವಾನಗಿ ಮಾತ್ರ ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಲೇಬೇಕು. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ.

ಧಣಿ ಏಳು ಎಂದ ಉದಾಹರಣೆಯೂ ಇದೆ. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಎಂಬ ಕಾರ್ ಓಟದ ಗೇಮ್ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ರಂದು ಅದರ ಸರ್ವರ್ ನಿಲ್ಲಿಸಿದರು. ಒಬ್ಬರೇ ಆಡುವ ಭಾಗಕ್ಕೂ ಸರ್ವರ್ ಬೇಕಿದ್ದರಿಂದ ಗೇಮ್ ಪೂರ್ತಿ ಸತ್ತಿತು. ಡಿಸ್ಕ್ ಕೊಂಡವರ ಕೈಯಲ್ಲಿ ಉಳಿದದ್ದು ಬರೀ ಪ್ಲಾಸ್ಟಿಕ್. ಇದರಿಂದಲೇ ಯುರೋಪಿನಲ್ಲಿ ದೊಡ್ಡ ಸಹಿ ಸಂಗ್ರಹ ಶುರುವಾಗಿ, 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವನ್ನು 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಅಲ್ಲಿ ಡಿಜಿಟಲ್ ಆಗಿ ಮಾತ್ರ ಸಿಗುತ್ತಿದ್ದ ಗೇಮ್‌ಗಳನ್ನು ಆ ಯಂತ್ರಗಳಿಗೆ ಈಗ ಹೊಸದಾಗಿ ಕೊಳ್ಳಲು ದಾರಿಯಿಲ್ಲ.

ಹಾಗೆಂದು ಡಿಸ್ಕ್ ಎಲ್ಲಕ್ಕೂ ಮದ್ದಲ್ಲ. ಡಿಸ್ಕ್ ಹಾಕಿದರೂ ಇಂಟರ್‌ನೆಟ್‌ನಿಂದ ದೊಡ್ಡ ಅಪ್‌ಡೇಟ್ ಇಳಿಸಿಕೊಳ್ಳಬೇಕಾದ ಗೇಮ್‌ಗಳು ಬೇಕಾದಷ್ಟಿವೆ. ಡಿಜಿಟಲ್‌ನಲ್ಲಿ ಅನುಕೂಲವೂ ನಿಜ: ಕಳೆದುಹೋಗುವುದಿಲ್ಲ, ಗೀರು ಬೀಳುವುದಿಲ್ಲ, ಅಂಗಡಿ ಮುಚ್ಚಿದ ಹೊತ್ತಿಗೂ ಸಿಗುತ್ತದೆ. ವರ್ಷವಿಡೀ ಒಂದೇ ಗೇಮ್ ಆಡುವ ಮಕ್ಕಳಿಗೆ ಅದೇ ಸರಿ. ಆದರೆ ಊರಿನಲ್ಲಿ ಇನ್ನೂ ಎಷ್ಟೋ ಮನೆಗಳು ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಮೇಲೆಯೇ ನಡೆಯುತ್ತವೆ. 100 ಜಿಬಿ ಗೇಮ್ ಇಳಿಸಲು ಅಂಥ ಮನೆಯಲ್ಲಿ 50 ದಿನದ ಪ್ಯಾಕ್ ಬೇಕು. ಅಷ್ಟರಲ್ಲಿ ಮಗುವಿನ ರಜೆಯೇ ಮುಗಿದಿರುತ್ತದೆ.

ಡಿಸ್ಕ್ ಹಾಕುವ ಜಾಗವೂ ಕಡಿಮೆಯಾಗುತ್ತಿದೆ. 2020ರಲ್ಲಿ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಡ್ರೈವ್ ಇಲ್ಲ. 2024ರ ಪ್ಲೇಸ್ಟೇಷನ್ 5 ಪ್ರೊ ಜತೆಗೂ ಡ್ರೈವ್ ಬರುವುದಿಲ್ಲ, ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರಲ್ಲಿ ‘ಗೇಮ್ ಕೀ ಕಾರ್ಡ್’ ಎಂಬುದಿದೆ. ಡಬ್ಬಿ ಇದೆ, ಕಾರ್ಡ್ ಇದೆ, ಆದರೆ ಕಾರ್ಡಿನೊಳಗೆ ಗೇಮ್ ಇಲ್ಲ. ಗೇಮ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಆಡಲು ಕಾರ್ಡೂ ಬೇಕು. ಆದರೂ ಆ ಕಾರ್ಡನ್ನು ಇನ್ನೊಬ್ಬರಿಗೆ ಕೊಡಬಹುದು ಎನ್ನುವುದೊಂದು ಸಮಾಧಾನ.

ಗ್ರಾಹಕ ಬಾಯಿ ಬಿಟ್ಟರೆ ಕಂಪನಿ ಕೇಳುವುದಿಲ್ಲ ಎಂದೇನಿಲ್ಲ. 2013ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್‌ಗೆ 24 ಗಂಟೆಗೊಮ್ಮೆ ಇಂಟರ್‌ನೆಟ್ ಸಂಪರ್ಕ ಕಡ್ಡಾಯ, ಬಳಸಿದ ಡಿಸ್ಕ್ ಕೊಡುಕೊಳ್ಳುವಿಕೆಗೆ ಮಿತಿ ಎಂದು ಪ್ರಕಟಿಸಿತ್ತು. ಜನ ಎಷ್ಟು ಸಿಟ್ಟಾದರೆಂದರೆ ಅದೇ ತಿಂಗಳಲ್ಲಿ ಎರಡನ್ನೂ ಕೈಬಿಟ್ಟಿತು.

ಊರಿನವರಿಗೂ ಇಲ್ಲಿಯವರಿಗೂ ಅನುಭವದಿಂದ ಕೆಲವು ಮಾತು ಹೇಳಬಹುದು.

ಮಾವನಿಗೋ ಚಿಕ್ಕಪ್ಪನಿಗೋ ‘ಬರುವಾಗ ಒಂದು ಗೇಮ್ ತನ್ನಿ’ ಎಂದು ಹೇಳುವ ಮುಂಚೆ, ಮನೆಯ ಯಂತ್ರಕ್ಕೆ ಡಿಸ್ಕ್ ಡ್ರೈವ್ ಇದೆಯೇ ನೋಡಿ. ಇಲ್ಲದಿದ್ದರೆ ಅವರು ತಂದ ಡಿಸ್ಕ್ ಕಪಾಟಿನಲ್ಲೇ ಉಳಿಯುತ್ತದೆ. ತರುವವರು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಬೇಕು. ಕೆಲವು ಡಬ್ಬಿಯಲ್ಲಿ ಡಿಸ್ಕ್ ಬದಲು ಕೋಡ್ ಬರೆದ ಚೀಟಿ ಮಾತ್ರ ಇರುತ್ತದೆ.

ದುಬೈಯಿಂದ ಗಿಫ್ಟ್ ಕಾರ್ಡ್ ಕಳಿಸುವವರು ಮಗುವಿನ ಖಾತೆ ಯಾವ ದೇಶದ್ದು ಎಂದು ಮೊದಲು ಕೇಳಿ. ಎಮಿರೇಟ್ಸ್ ಕಾರ್ಡ್ ಭಾರತದ ಖಾತೆಗೆ ಹಾಕಲು ಹೋದರೆ ದುಡ್ಡು ದಂಡ.

ಕಾಯಂ ಆಗಿ ಊರಿಗೆ ಹೊರಡುವವರು ಮೊಬೈಲ್ ನಂಬರ್ ರದ್ದು ಮಾಡಿಸುವ ಮುಂಚೆಯೇ ಗೇಮ್ ಖಾತೆಯ ನಂಬರ್ ಬದಲಾಯಿಸಿ. ಬ್ಯಾಕಪ್ ಕೋಡ್ ಇದ್ದರೆ ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜತೆ ಇಡಿ. ಕಚೇರಿಯ ಇ-ಮೇಲ್ ಕೊಟ್ಟಿದ್ದರೆ ಸ್ವಂತ ಇ-ಮೇಲ್ ಹಾಕಿ. ಖರೀದಿಯ ರಸೀದಿಗಳನ್ನು ಅಳಿಸಬೇಡಿ. ವಾಲೆಟ್‌ನ ಹಣ ಇಲ್ಲಿರುವಾಗಲೇ ಖರ್ಚು ಮಾಡಿ ಮುಗಿಸಿ. ನಾವು ಬ್ಯಾಂಕ್ ಖಾತೆ, ಬಾಡಿಗೆ ಒಪ್ಪಂದ, ಕರೆಂಟ್ ಡಿಪಾಸಿಟ್ ಎಲ್ಲದರ ಪಟ್ಟಿ ಮಾಡುತ್ತೇವೆ. ಮಕ್ಕಳ ಈ ಖಾತೆ ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಅದರಲ್ಲಿ ಸಾವಿರಾರು ದಿರ್ಹಮ್ ಕೂತಿರುತ್ತದೆ ಎಂಬುದು ಲೆಕ್ಕ ಹಾಕಿದಾಗಲೇ ಗೊತ್ತಾಗುವುದು.

ಈಗ ನಮ್ಮ ಮನೆಯಲ್ಲಿ ನಿಯಮ ಬದಲಾಗಿದೆ. ಕಥೆಯ ಗೇಮ್, ಅಂದರೆ ಒಮ್ಮೆ ಆಡಿ ಮುಗಿಸುವಂಥದ್ದು, ಡಿಸ್ಕ್‌ನಲ್ಲೇ. ಗೆಳೆಯರ ಜತೆ ನಿತ್ಯ ಆಡುವುದು ಡಿಜಿಟಲ್. ಡಿಸ್ಕ್ ಮಾರಿದ ದುಡ್ಡು ಮಗನದ್ದೇ, ಅದರ ಲೆಕ್ಕ ಬರೆಯುವುದೂ ಅವನೇ. ಹಳೆಯ ಬಿಲ್ ತೆಗೆದು ಕೂಡಿಸಿ ಕಳೆಯುವುದನ್ನು ಶಾಲೆಯ ಗಣಿತಕ್ಕಿಂತ ಚೆನ್ನಾಗಿ ಕಲಿತಿದ್ದಾನೆ.

ಈ ಜುಲೈಯಲ್ಲಿ ನಾವೂ ಊರಿಗೆ ಹೊರಟಿದ್ದೇವೆ, ಎರಡು ತಿಂಗಳ ಮಟ್ಟಿಗೆ. ಮಗ ತನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಎರಡು ಡಿಸ್ಕ್ ಇಟ್ಟುಕೊಂಡ. ಪಕ್ಕದ ಮನೆಯ ಹುಡುಗ ಹೋಗುವಾಗ ಕೊಟ್ಟವು. ‘ಅವನಿಗೇ ವಾಪಸ್ ಕೊಡ್ತೇನೆ, ಅವನಿಗೆ ಈಗ ಆಡಲಿಕ್ಕೆ ಬೇಕಂತೆ’ ಎಂದ. ದಾರಿಯಲ್ಲಿ ಬಂಟ್ವಾಳಕ್ಕೆ ಹೋಗಬೇಕು. ತೂಕದ ಯಂತ್ರದ ಮೇಲೆ ಇಟ್ಟು ನೋಡಿದೆವು, ಆ ಎರಡು ಡಿಸ್ಕ್‌ಗಳಿಂದ ಮುಳ್ಳು ಅಲುಗಲೂ ಇಲ್ಲ.