ಹಡಗಿನೊಡಲಲ್ಲಿ ವಿಷಾನಿಲ

ದೇಶದೇಶಗಳ ನಡುವೆ ಧಾನ್ಯ, ಬೇಳೆಕಾಳು, ಮರಮುಟ್ಟುಗಳ ವ್ಯಾಪಾರವು ಬಹುಮಟ್ಟಿಗೆ ಸಮುದ್ರಮಾರ್ಗವಾಗಿ ನಡೆಯುತ್ತದೆ. ಆದರೆ ವರ್ತಕನು ಲೆಕ್ಕವಿಟ್ಟು ಏರಿಸಿದ ಸರಕಿನೊಡನೆ, ಯಾವ ರಶೀತಿಯಲ್ಲಿಯೂ ನಮೂದಾಗದ ಪ್ರಯಾಣಿಕರೂ ಹಡಗನ್ನು ಹತ್ತುವುದುಂಟು. ಕಾಳಿನೊಳಗೆ ಅಡಗಿದ ಮೊಟ್ಟೆ, ಗೋಣಿಯ ಹೊಲಿಗೆಯಲ್ಲಿ ಸೇರಿಕೊಂಡ ಮರಿಹುಳು, ದಿಮ್ಮಿಯ ತೊಗಟೆಯಡಿಯ ಕೊರಕ ಇವೇ ಆ ಪ್ರಯಾಣಿಕರು. ಹುಟ್ಟಿದ ನಾಡಿನಲ್ಲಿ ಇಂಥ ಕೀಟಗಳನ್ನು ಹತೋಟಿಯಲ್ಲಿಡುವ ಶತ್ರುಗಳು ಇರುತ್ತವೆ. ಹೊಸ ನಾಡಿನಲ್ಲಿ ಅವು ಇಲ್ಲದಿದ್ದರೆ ಕೀಟದ ಸಂತಾನಕ್ಕೆ ತಡೆಯೇ ಇರುವುದಿಲ್ಲ.

ಖಾಪ್ರಾ ದುಂಬಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಇದರ ಮೂಲ ನೆಲೆ ಭಾರತ ಉಪಖಂಡವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಹೆಸರೂ ಹಿಂದೀ ಭಾಷೆಯದೇ. ಪ್ರೌಢ ದುಂಬಿಯ ಉದ್ದ ಎರಡು ಮೂರು ಮಿಲಿಮೀಟರು ಮಾತ್ರ. ರೆಕ್ಕೆಗಳಿದ್ದರೂ ಅದು ಹಾರುವುದಿಲ್ಲ. ಧಾನ್ಯವನ್ನು ತಿಂದು ಹೊಟ್ಟುಮಾಡುವುದು ಅದರ ರೋಮಭರಿತವಾದ ಮರಿಹುಳು. ಆಹಾರ ದೊರೆಯದಿದ್ದಾಗ ಈ ಹುಳು ಗೋಡೆಯ ಬಿರುಕನ್ನು ಹೊಕ್ಕು, ತನ್ನ ಬೆಳವಣಿಗೆಯನ್ನೇ ತಡೆಹಿಡಿದು, ವರ್ಷಗಟ್ಟಲೆ ಉಪವಾಸ ಬಿದ್ದಿರಬಲ್ಲದು! ಹಾರಲಾರದ ಈ ಜೀವಿ ಮನುಷ್ಯನ ಸರಕನ್ನೇ ವಾಹನವಾಗಿ ಮಾಡಿಕೊಂಡು ಖಂಡಖಂಡಗಳನ್ನು ದಾಟಿತು. 1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಉಗ್ರಾಣಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿ ಉಗ್ರಾಣಗಳಿಗೆ ಇಡಿಯಾಗಿ ದಪ್ಪ ಬಟ್ಟೆಯ ಹೊದಿಕೆ ಹೊದಿಸಿ, ಒಳಗೆ ವಿಷಾನಿಲವನ್ನು ತುಂಬಿ, ಅದನ್ನು ನಿರ್ಮೂಲಮಾಡಲು 1966ರವರೆಗೆ ಹೆಣಗಬೇಕಾಯಿತು. ಒಂದು ಹಡಗಿನಲ್ಲಿಯೇ ಮುಗಿಸಬಹುದಾದ ಕೆಲಸ ಒಂದು ನಾಡಿನ ಕೆಲಸವಾಗಿ ಬೆಳೆಯುವ ಬಗೆ ಇದು.

ಆದುದರಿಂದಲೇ ಎಲ್ಲ ದೇಶಗಳೂ ತಮ್ಮ ಬಂದರುಗಳಲ್ಲಿ ಕಾವಲಿಟ್ಟಿವೆ. ನಮ್ಮ ದೇಶದಲ್ಲಿ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆಯು 1914ರಲ್ಲಿಯೇ ಬಂದಿತು. ಅದರ ಆಧಾರದ ಮೇಲೆ 2003ರಲ್ಲಿ ಸಸ್ಯ ಆಮದಿನ ವಿವರವಾದ ನಿಯಮಗಳು ಜಾರಿಗೆ ಬಂದವು. ನವಮಂಗಳೂರು ಬಂದರಿಗೆ ಬರುವ ಆಫ್ರಿಕದ ಗೋಡಂಬಿಯೂ ಹೊರನಾಡಿನ ಮರದ ದಿಮ್ಮಿಗಳೂ ಈ ನಿಯಮಗಳಿಗೆ ಒಳಪಟ್ಟಿವೆ.

ಹಡಗಿನ ಸರಕುಕೋಣೆಯನ್ನು ಭದ್ರವಾಗಿ ಮುಚ್ಚಿ, ಒಳಗೆ ವಿಷಾನಿಲವನ್ನು ಹರಡಿ, ಕೀಟಗಳನ್ನು ಕೊಲ್ಲುವ ವಿಧಾನಕ್ಕೆ ಧೂಮೀಕರಣವೆಂದು ಹೆಸರು. ಈ ಹೆಸರು ಸ್ವಲ್ಪ ದಾರಿತಪ್ಪಿಸುವಂಥದು. ಧೂಮವು ಕಣ್ಣಿಗೆ ಕಾಣುತ್ತದೆ, ಕೆಮ್ಮು ತರಿಸುತ್ತದೆ, ಅದರಿಂದ ಓಡಿಹೋಗಬಹುದು. ಇಲ್ಲಿ ಬಳಸುವ ಅನಿಲವಾದರೋ ಕಣ್ಣಿಗೆ ಕಾಣಿಸದು. ಈ ಕಾರ್ಯದಲ್ಲಿ ಮುಖ್ಯವಾಗಿ ಬಳಕೆಗೆ ಬಂದವು ಎರಡು ಅನಿಲಗಳು. ಒಂದು ಮೀಥೈಲ್ ಬ್ರೋಮೈಡ್. ಇದು ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರವುಳ್ಳದ್ದು, ಒಂದು ದಿನದೊಳಗೆ ಕೆಲಸ ಮುಗಿಸುವಂಥದು. ಆದರೆ ಇದು ಭೂಮಿಯನ್ನು ಕಾಪಾಡುವ ಓಜೋನ್ ಪದರವನ್ನು ಸವೆಯಿಸುತ್ತದೆಂದು ತಿಳಿದುಬಂದುದರಿಂದ, 1992ರಲ್ಲಿ ಇದನ್ನು ಮಾಂಟ್ರಿಯಲ್ ಒಪ್ಪಂದದ ಹತೋಟಿಗೆ ಒಳಪಡಿಸಲಾಯಿತು. ಇತರ ಉಪಯೋಗಗಳು ಬಹುಪಾಲು ನಿಂತುಹೋದರೂ ಪರದೇಶದ ಕೀಟಗಳನ್ನು ತಡೆಯುವ ಕಾರ್ಯಕ್ಕೆ ವಿನಾಯಿತಿ ಉಂಟು. ಇನ್ನೊಂದು ಫಾಸ್ಫೀನ್. ಅಲ್ಯೂಮಿನಿಯಂ ಫಾಸ್ಫೈಡಿನ ಗುಳಿಗೆಗಳನ್ನು ಧಾನ್ಯದಲ್ಲಿಟ್ಟರೆ, ಗಾಳಿಯ ತೇವಾಂಶ ತಗುಲಿ ಈ ಅನಿಲವು ನಿಧಾನವಾಗಿ ಹೊರಬರುತ್ತದೆ. 3 ಗ್ರಾಂ ತೂಕದ ಗುಳಿಗೆಯಿಂದ 1 ಗ್ರಾಂ ಅನಿಲ ದೊರೆಯುತ್ತದೆ.

ಫಾಸ್ಫೀನ್ ಕೆಲಸಮಾಡಲು ಹಲವು ದಿನಗಳು ಬೇಕು. ಏಕೆಂದರೆ ಮೊಟ್ಟೆಯೂ ಕೋಶಾವಸ್ಥೆಯ ಕೀಟವೂ ನಿದ್ರಿಸುವ ಮರಿಹುಳುವೂ ಬಹಳ ಕಡಮೆ ಉಸಿರಾಡುತ್ತವೆ. ಉಸಿರಾಡದ ಜೀವಿಗೆ ಅನಿಲವು ತಟ್ಟುವುದು ಹೇಗೆ? ಅವಸರದಿಂದ ಅರ್ಧಮರ್ಧ ಮುಗಿಸಿದರೆ ಗಟ್ಟಿಯಾದ ಹುಳುಗಳಷ್ಟೇ ಉಳಿದು, ಅವುಗಳ ಸಂತತಿ ವಿಷಕ್ಕೆ ಬಗ್ಗದಂತಾಗುತ್ತದೆ. ಆದಕಾರಣ ಹಡಗು ಸಾಗುತ್ತಿರುವಾಗಲೇ ಧೂಮೀಕರಣವನ್ನು ಮುಂದುವರಿಸುವ ಪದ್ಧತಿ ಬೆಳೆಯಿತು. ಇದರಿಂದ ಕಾಲವೇನೋ ಉಳಿಯಿತು. ಅಪಾಯವು ಹಡಗಿನೊಡನೆಯೇ ಪಯಣಿಸತೊಡಗಿತು. ಮೀಥೈಲ್ ಬ್ರೋಮೈಡನ್ನು ಬಂದರಿನಲ್ಲಿ, ನಾವಿಕರನ್ನೆಲ್ಲ ದಡಕ್ಕಿಳಿಸಿ ಬಳಸಬೇಕೆಂಬುದು ನಿಯಮ. ಫಾಸ್ಫೀನಿನ ವಿಷಯದಲ್ಲಿ ಹಾಗಲ್ಲ. ಒಂದು ಉಕ್ಕಿನ ಗೋಡೆಯ ಆಚೆಗೆ ವಿಷ, ಈಚೆಗೆ ನಾವಿಕರ ಊಟ ನಿದ್ರೆಗಳು.

ಆ ಗೋಡೆಯಲ್ಲಿ ವಿದ್ಯುತ್ತಂತಿ ಹಾಯುವ ರಂಧ್ರವೊಂದು ತೆರೆದಿದ್ದರೂ ಸಾಕು, ತುಕ್ಕುಹಿಡಿದ ಕೊಳವೆಯೊಂದಿದ್ದರೂ ಸಾಕು. ಫಾಸ್ಫೀನಿಗೆ ಬೆಳ್ಳುಳ್ಳಿಯನ್ನೋ ಕೊಳೆತ ಮೀನನ್ನೋ ಹೋಲುವ ವಾಸನೆಯುಂಟಾದರೂ ಮೂಗನ್ನು ನಂಬುವಂತಿಲ್ಲ. ಅಪಾಯದ ಪ್ರಮಾಣವಿದ್ದಾಗಲೂ ವಾಸನೆ ತಿಳಿಯದೆ ಹೋಗಬಹುದು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಮೆಯಿರುವ ಅನಿಲವನ್ನೂ ಅಳೆಯಬಲ್ಲ ಉಪಕರಣವೊಂದೇ ಇಲ್ಲಿ ಪ್ರಮಾಣ.

ಉತ್ತರ ಕರ್ನಾಟಕದ ಹಗೇವುಗಳ ವಿಷಯ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ನೆಲದಲ್ಲಿ ತೋಡಿದ ಆ ಕಣಜಗಳಲ್ಲಿ ಜೋಳವು ಹುಳು ಹಿಡಿಯದೆ ಉಳಿಯುತ್ತಿದ್ದುದು, ಒಳಗಿನ ಆಮ್ಲಜನಕ ಕ್ಷೀಣಿಸಿ ಇಂಗಾಲಾಮ್ಲವು ತುಂಬಿಕೊಳ್ಳುತ್ತಿದ್ದುದರಿಂದ. ಬಾಯಿ ತೆರೆದೊಡನೆ ಇಳಿದವನು ಬದುಕುವುದು ಕಷ್ಟವಾಗಿತ್ತು. ರೈತರು ಮೊದಲು ದೀಪವನ್ನು ಇಳಿಬಿಟ್ಟು, ಅದು ಆರಿದರೆ ಕಾಯುತ್ತಿದ್ದರು. ತತ್ತ್ವ ಒಂದೇ, ಆದರೆ ಹಡಗಿನಲ್ಲಿ ದೀಪದ ಪರೀಕ್ಷೆ ಸಲ್ಲದು. ಫಾಸ್ಫೀನ್ ಹೆಚ್ಚಾಗಿ ಸೇರಿದ್ದರೆ ಕಿಡಿಯೊಂದರಿಂದ ಸ್ಫೋಟಗೊಳ್ಳುತ್ತದೆ.

ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು 2008ರಲ್ಲಿ ಈ ಬಗ್ಗೆ ಸೂಚನೆಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಒಬ್ಬ ಅಧಿಕಾರಿಯೂ ಸೇರಿದಂತೆ ಕನಿಷ್ಠ ಇಬ್ಬರು ನಾವಿಕರು ತರಬೇತಿ ಪಡೆದಿರಬೇಕು. ಅನಿಲವನ್ನು ಅಳೆಯುವ ಉಪಕರಣವೂ ಉಸಿರಾಟದ ಮುಖಕವಚವೂ ಹಡಗಿನಲ್ಲಿರಬೇಕು. ವಾಸದ ಕೋಣೆ, ಯಂತ್ರಾಗಾರ ಮೊದಲಾದೆಡೆಗಳಲ್ಲಿ ಎಂಟು ಗಂಟೆಗೊಮ್ಮೆಯಾದರೂ ಅಳತೆಮಾಡಿ ಬರೆದಿಡಬೇಕು. ಸರಕುಕೋಣೆಯ ಬಾಗಿಲಿಗೆ ಎಚ್ಚರಿಕೆಯ ಫಲಕವಿರಬೇಕು. ಕಪ್ತಾನನೇ ಆಗಲಿ, ಅಳೆಯದೆ ಅದನ್ನು ತೆರೆಯಬಾರದು.

ಹಡಗು ದಡ ಸೇರಿದಾಗಲೂ ಅಪಾಯ ಮುಗಿದಿರುವುದಿಲ್ಲ. ಪೂರ್ತಿ ಕರಗದೆ ಉಳಿದ ಗುಳಿಗೆಯ ಪುಡಿಯಿಂದ ಮತ್ತೆ ಅನಿಲ ಹೊರಡಬಹುದು. 2012ರ ಡಿಸೆಂಬರಿನಲ್ಲಿ ಉತ್ತರ ಐರ್ಲೆಂಡಿನ ವಾರೆನ್‌ಪಾಯಿಂಟ್ ಬಂದರಿನಲ್ಲಿ ಆರ್ಕ್ಲೋ ಮೆಡೋ ಎಂಬ ಹಡಗಿನಿಂದ ಮೆಕ್ಕೆಜೋಳವನ್ನು ಇಳಿಸುತ್ತಿದ್ದಾಗ ನಡೆದುದು ಇದೇ. ಇಳಿಸುವ ಕೂಲಿಕಾರನಿಗೆ ಹಿಂದಿನ ಬಂದರಿನಲ್ಲಿ ಏನು ನಡೆಯಿತೆಂಬುದು ತಾನಾಗಿ ತಿಳಿಯುವುದಿಲ್ಲ. ಆದುದರಿಂದ ಯಾವ ಅನಿಲ, ಎಂದು ಇಟ್ಟದ್ದು, ಯಾವ ಕೋಣೆಯಲ್ಲಿದೆ ಎಂಬ ಸಂಗತಿಗಳನ್ನು, ಹಡಗು ತಲಪುವುದಕ್ಕೆ ಸಾಮಾನ್ಯವಾಗಿ 24 ಗಂಟೆ ಮುಂಚೆಯೇ ಕಪ್ತಾನನು ಬಂದರಿನ ಅಧಿಕಾರಿಗಳಿಗೆ ತಿಳಿಸಬೇಕು.