ಶುಶ್ರೂಷೆ ಮಾಡುವವರ ನಿದ್ರೆ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆಂದರೆ ಬಂದುಹೋಗುವವರೆಲ್ಲರೂ ರೋಗಿಯ ಯೋಗಕ್ಷೇಮವನ್ನು ಕೇಳುತ್ತಾರೆ. ಊಟ ಸೇರುತ್ತದೆಯೇ, ಜ್ವರ ಇಳಿದಿದೆಯೇ, ಡಾಕ್ಟರರು ಏನೆಂದರು ಎಂದು ವಿಚಾರಿಸುತ್ತಾರೆ. ಆದರೆ ರೋಗಿಯ ಮಗ್ಗುಲಲ್ಲಿ ಚಾಪೆ ಹಾಸಿಕೊಂಡು ರಾತ್ರಿಗಳನ್ನು ಕಳೆಯುವ ಹೆಂಡತಿಯನ್ನೋ ಸೊಸೆಯನ್ನೋ ಮಗನನ್ನೋ, ‘ನಿಮಗೆ ನಿದ್ರೆ ಆಯಿತೇ?’ ಎಂದು ಕೇಳುವವರು ವಿರಳ. ಕೇಳಿದರೂ, ‘ನಂದೇನ್ ಬಿಡ್ರಿ, ಅವ್ರು ಆರಾಮಾದ್ರ ಸಾಕು’ ಎಂಬುದೇ ನಮ್ಮ ಭಾಗದ ತಾಯಂದಿರ ಉತ್ತರ. ಈ ಉತ್ತರದಲ್ಲಿ ಮಮತೆಯಿದೆ, ತ್ಯಾಗವಿದೆ. ಅದರೊಡನೆ ಒಂದು ಅಪಾಯವೂ ಅಡಗಿದೆ. ಆ ಅಪಾಯ ಎಂಥದು, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸಂಬಳವಿಲ್ಲದ, ರಜೆಯಿಲ್ಲದ ಈ ದುಡಿಮೆಯ ಭಾರ ಯಾರ ಮೇಲೆ ಬಿದ್ದಿದೆ ಎಂಬುದನ್ನು ಭಾರತ ಸರಕಾರವು 2019ರಲ್ಲಿ ನಡೆಸಿದ ಕಾಲ ಬಳಕೆಯ ಸಮೀಕ್ಷೆಯು ತೋರಿಸಿಕೊಟ್ಟಿದೆ. ಮಕ್ಕಳು, ವೃದ್ಧರು, ರೋಗಿಗಳು ಮೊದಲಾದ ಮನೆಯವರ ಆರೈಕೆಯಲ್ಲಿ ತೊಡಗಿದ್ದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 134 ನಿಮಿಷಗಳನ್ನೂ, ಪುರುಷರು 76 ನಿಮಿಷಗಳನ್ನೂ ವ್ಯಯಿಸುತ್ತಿದ್ದರು. ಆದರೆ ಒಂದು ಕಿವಿಯನ್ನು ರೋಗಿಯ ಕಡೆಗೇ ಇಟ್ಟು ಮಲಗಿದ ರಾತ್ರಿಗಳನ್ನು ಯಾವ ಗಡಿಯಾರ ಅಳೆದೀತು? ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಆರಂಭವಾದ, ಜನರು ಕಿಮ್ಸ್ ಎಂದೇ ಕರೆಯುವ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ಗದಗ, ಹಾವೇರಿ, ಬಾಗಲಕೋಟೆ, ಉತ್ತರ ಕನ್ನಡ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಅವರ ಬೆನ್ನಿಗೆ ಬಂಧುಗಳೂ ಬರುತ್ತಾರೆ. ಆಸ್ಪತ್ರೆಯ ವಾಸವಾದರೂ ಕೆಲವು ದಿನಗಳದು. ಪಾರ್ಶ್ವವಾಯು, ಮುಪ್ಪಿನ ಮರೆವಿನ ರೋಗ, ಕ್ಯಾನ್ಸರ್ ಮೊದಲಾದವುಗಳಲ್ಲಿ ಮನೆಗೆ ಮರಳಿದ ಮೇಲೆ ಈ ಎಚ್ಚರವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿಯುತ್ತದೆ.

ನಿದ್ರೆಯೆಂಬುದು ಕೇವಲ ಕಣ್ಣು ಮುಚ್ಚಿದ ಅವಧಿಯಲ್ಲ. ಅದು ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ. ಪ್ರತಿ ಆವರ್ತದಲ್ಲಿಯೂ ಗಾಢನಿದ್ರೆ, ಕನಸಿನ ನಿದ್ರೆ ಮೊದಲಾದ ಹಂತಗಳಿರುತ್ತವೆ. ಗಂಟೆಗೊಮ್ಮೆ ಏಳುವವರಿಗೆ ಒಟ್ಟು ಆರು ತಾಸು ದೊರೆತರೂ ಈ ಆವರ್ತಗಳು ಪೂರ್ಣಗೊಳ್ಳುವುದಿಲ್ಲ. ಇದರ ಪರಿಣಾಮವಾಗಿ ಸಿಟ್ಟು, ಮರೆವು, ಔಷಧಿಯ ಪ್ರಮಾಣ ತಪ್ಪುವುದು, ರಕ್ತದೊತ್ತಡದ ಏರಿಕೆ, ಖಿನ್ನತೆ ಮುಂತಾದವು ತಲೆದೋರಬಹುದು. 1995ರಲ್ಲಿ ಅಮೆರಿಕದ ಸಂಶೋಧಕರು ಮರೆವಿನ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರಿಗೂ ಅಂಥ ಹೊಣೆಯಿಲ್ಲದ 13 ಮಹಿಳೆಯರಿಗೂ ತೋಳಿನಲ್ಲಿ ಒಂದೇ ಅಳತೆಯ ಸಣ್ಣ ಗಾಯ ಮಾಡಿ ಪರೀಕ್ಷಿಸಿದರು. ಮೊದಲನೆಯ ಗುಂಪಿನವರ ಗಾಯ ಮಾಯಲು ಸರಾಸರಿ ಒಂಬತ್ತು ದಿನಗಳು ಹೆಚ್ಚು ಬೇಕಾದವು. ದೀರ್ಘಕಾಲದ ಶುಶ್ರೂಷೆಯ ದಣಿವು ಮನಸ್ಸಿನಲ್ಲಿಯೇ ನಿಲ್ಲದೆ ದೇಹದ ದುರಸ್ತಿಯನ್ನೂ ತಡೆಯುತ್ತದೆಂಬುದು ಇದರಿಂದ ವಿದಿತವಾಗುತ್ತದೆ.

ಹೀಗಿರುವಾಗ ‘ಚೆನ್ನಾಗಿ ನಿದ್ರೆ ಮಾಡಿರಿ’ ಎಂದು ಉಪದೇಶಿಸುವುದರಿಂದ ಪ್ರಯೋಜನವಿಲ್ಲ. ನಮ್ಮ ಹುಬ್ಬಳ್ಳಿ ರೈಲ್ವೆಯ ಊರು. ರಾತ್ರಿಯೆಲ್ಲ ಗಾಡಿ ನಡೆಸಿದ ಚಾಲಕನು ವಿಶ್ರಮಿಸದೆ ಮರಳಿ ಎಂಜಿನ್ ಏರಬಾರದೆಂದು ರೈಲ್ವೆಯು ನಿಯಮವನ್ನೇ ಮಾಡಿದೆ. ಅವನಿಗಾಗಿ ವಿಶ್ರಾಂತಿಯ ಕೊಠಡಿಯನ್ನೂ ಕಟ್ಟಿದೆ. ಚಾಲಕನ ನಿದ್ರೆಯನ್ನು ಅವನ ಇಚ್ಛೆಗೆ ಬಿಡದೆ ವ್ಯವಸ್ಥೆಯ ಹೊಣೆಯಾಗಿಸಿರುವುದೇ ಇದರ ಮರ್ಮ. ರೋಗಿಯಿರುವ ಮನೆಯಲ್ಲಿಯೂ ಹೀಗೆಯೇ ಆಗಬೇಕು. ರಾತ್ರಿಯನ್ನು ಹಂಚಿಕೊಳ್ಳದೆ ನಿದ್ರೆಯನ್ನು ದೊರಕಿಸಲಾಗದು.

ಇದಕ್ಕೆ ಮೊದಲ ಉಪಾಯವೇ ಪಾಳಿ. ಮನೆಯಲ್ಲಿ ಇಬ್ಬರಿದ್ದರೆ ರಾತ್ರಿ 9ರಿಂದ 2ರವರೆಗೆ ಒಬ್ಬರು, 2ರಿಂದ 7ರವರೆಗೆ ಇನ್ನೊಬ್ಬರು ಎಚ್ಚರದ ಹೊಣೆ ಹೊರಬೇಕು. ಪಾಳಿ ಮುಗಿಸಿದವರು ಬೇರೆ ಕೋಣೆಯಲ್ಲಿ ಮಲಗತಕ್ಕದ್ದು. ಆಗ ಕನಿಷ್ಠ ನಾಲ್ಕೈದು ತಾಸುಗಳ ಅಖಂಡ ನಿದ್ರೆ ಇಬ್ಬರಿಗೂ ಲಭಿಸುತ್ತದೆ. ಒಬ್ಬರೇ ಇರುವ ಮನೆಗೆ ವಾರಕ್ಕೆ ಒಂದೆರಡು ರಾತ್ರಿಯಾದರೂ ಅಣ್ಣತಮ್ಮಂದಿರು, ಅಕ್ಕತಂಗಿಯರು ಬಂದು ಕೂಡಬೇಕು. ದೂರದ ಊರಿನಲ್ಲಿರುವವರು ಹಣ ಕಳಿಸಿದರೆ ರಾತ್ರಿಗೆ ಸಹಾಯಕರನ್ನು ನೇಮಿಸಬಹುದು.

ಎರಡನೆಯದಾಗಿ, ರೋಗಿಯು ರಾತ್ರಿ ಏಳುವ ಕಾರಣಗಳನ್ನು ಒಂದು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ಬೆಳಿಗ್ಗೆಯೇ ಕೊಡಬಹುದೇ, ನೋವಿನ ಔಷಧಿಯ ವೇಳೆಯನ್ನು ಬದಲಿಸಬಹುದೇ, ಗಾಳಿಹಾಸಿಗೆ ತಂದರೆ ಮಗ್ಗುಲು ಹೊರಳಿಸುವ ಸರದಿಯನ್ನು ಕಡಿಮೆ ಮಾಡಬಹುದೇ ಎಂದು ಕೇಳಬೇಕು. ಮಂಚದ ಬಳಿ ಮಂದ ದೀಪ, ಕೈಗೆಟಕುವ ನೀರು, ಮಲಮೂತ್ರಕ್ಕೆ ಪಾತ್ರೆ, ಕರೆಯಲು ಒಂದು ಗಂಟೆ, ಇಷ್ಟಿದ್ದರೆ ಅನಾವಶ್ಯಕ ಎಚ್ಚರಗಳು ಕಡಿಮೆಯಾಗುತ್ತವೆ. ಮರೆವಿನ ರೋಗಿಗಳಿಗೆ ಸಂಜೆಯಾದಂತೆ ಗೊಂದಲ ಹೆಚ್ಚುವುದುಂಟು. ಅವರನ್ನು ಹಗಲು ಬೆಳಕಿನಲ್ಲಿ ಕೂಡಿಸಿ, ಸ್ವಲ್ಪ ನಡೆದಾಡಿಸುವುದು ಹಿತಕರ.

ಮೂರನೆಯದು ಶುಶ್ರೂಷಕರು ತಮಗಾಗಿ ಪಾಲಿಸಬೇಕಾದ ಕ್ರಮ. ಏಳುವ ಸಮಯ ಆದಷ್ಟು ನಿಶ್ಚಿತವಾಗಿರಲಿ. ಎದ್ದೊಡನೆ ಅಂಗಳದ ಬೆಳಕಿಗೆ ಬರುವುದು ದೇಹದ ಗಡಿಯಾರವನ್ನು ಸರಿಪಡಿಸುತ್ತದೆ. ಮಧ್ಯಾಹ್ನ 20-30 ನಿಮಿಷ ಮಲಗಿದರೆ ದಣಿವು ತಗ್ಗುವುದು. ಚಹಾದ ಉತ್ತೇಜಕ ಅಂಶವು ಐದು ತಾಸುಗಳ ನಂತರವೂ ಸುಮಾರು ಅರ್ಧದಷ್ಟು ದೇಹದಲ್ಲಿ ಉಳಿದಿರುವುದರಿಂದ, ಮಧ್ಯಾಹ್ನದ ತರುವಾಯ ಅದನ್ನು ಬಿಡುವುದು ಲೇಸು. ರೋಗಿಗೆಂದು ಬರೆದುಕೊಟ್ಟ ನಿದ್ರೆಯ ಮಾತ್ರೆಯನ್ನು ತಾವು ನುಂಗುವುದು ಮಾತ್ರ ಸರ್ವಥಾ ಸಲ್ಲದು. ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ, ಅಳು ತಡೆಯಲಾಗದಿದ್ದರೆ, ರೋಗಿಯ ಮೇಲೆ ಕೈಯೆತ್ತುವಷ್ಟು ಸಿಟ್ಟು ಬಂದರೆ, ಬದುಕೇ ಬೇಡವೆನಿಸಿದರೆ ತಡಮಾಡಬಾರದು. ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ಗೆ 14416 ಸಂಖ್ಯೆಯ ಮೂಲಕ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅಂಥ ಭಾವನೆ ಬಂದುದು ಪಾಪವಲ್ಲ. ಅದು ಮಿತಿಮೀರಿದ ದಣಿವಿನ ಸೂಚನೆ.

ಶಾಲೆಗೂ ಈ ವಿಷಯಕ್ಕೂ ನಿಕಟ ಸಂಬಂಧವಿದೆ. ತರಗತಿಯಲ್ಲಿ ತೂಕಡಿಸುವ ಮಕ್ಕಳೆಲ್ಲರೂ ಸೋಮಾರಿಗಳಲ್ಲ. ಅವರಲ್ಲಿ ರಾತ್ರಿ ಅಜ್ಜಿಗೆ ನೀರು ಕೊಟ್ಟವರೂ ತಾಯಿಯ ಕಾಲೊತ್ತಿದವರೂ ಇರಬಹುದು. ಅಂಥ ಬಾಲಕನನ್ನು ಗದರಿಸುವ ಮುನ್ನ ಗುರುಗಳು ಒಂಟಿಯಾಗಿ ಕರೆದು, ‘ಮನ್ಯಾಗ ಯಾರಿಗೆ ಆರಾಮಿಲ್ಲಪಾ?’ ಎಂದು ಕೇಳಿದರೆ ಸತ್ಯ ಹೊರಬಂದೀತು. ಹಳೆಯ ವಿದ್ಯಾರ್ಥಿಗಳ ಸಂಘವು ಓಣಿಗೊಂದರಂತೆ ಸರದಿಯ ತಂಡಗಳನ್ನು ಕಟ್ಟಿ, ವಾರಕ್ಕೊಂದು ರಾತ್ರಿ ಅಥವಾ ಒಂದು ಮಧ್ಯಾಹ್ನ ರೋಗಿಯ ಬಳಿ ಕೂಡುವ ಏರ್ಪಾಡು ಮಾಡಬಹುದು. ದಾನಿಗಳು ಗಾಳಿಹಾಸಿಗೆ, ಗಾಲಿಕುರ್ಚಿ ಮೊದಲಾದವುಗಳನ್ನು ಕೊಂಡು ಅಗತ್ಯವಿದ್ದವರಿಗೆ ಎರವಲು ಕೊಡುವ ಭಂಡಾರವನ್ನು ಸ್ಥಾಪಿಸಬಹುದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆ ಭತ್ಯೆಯ ಪ್ರಸ್ತಾಪವನ್ನು ಮಾಡಿದೆ; ಸರಕಾರದಿಂದ ದೊರೆಯಬಹುದಾದ ನೆರವಿಗೆ ಅರ್ಜಿ ಬರೆಯಲು ಬಾರದವರಿಗೆ ಶಿಕ್ಷಕರು ಕೈಜೋಡಿಸಬಹುದು.

ಶುಶ್ರೂಷೆ ಪುಣ್ಯದ ಕೆಲಸವೆಂದು ಹೊಗಳಿ, ಅದರ ಭಾರವನ್ನು ಒಬ್ಬಳ ಹೆಗಲಿಗೇ ಬಿಟ್ಟು ನಡೆಯುವುದು ನ್ಯಾಯವಲ್ಲ. ರೋಗಿಯನ್ನು ನೋಡಲು ಹೋಗುವಾಗ ಹಣ್ಣುಹಂಪಲ ಒಯ್ಯುವುದು ನಮ್ಮಲ್ಲಿ ವಾಡಿಕೆ. ಇನ್ನು ಮುಂದೆ ಅದರೊಡನೆ, ‘ಇವತ್ತ ರಾತ್ರಿ ನಾವು ಕೂಡ್ತೀವಿ, ನೀವು ಹೋಗಿ ಮಲಕೋರಿ’ ಎಂಬ ಮಾತನ್ನೂ ಒಯ್ಯೋಣ.