ಕಿರುಚಿಹ್ನೆಯಲ್ಲಿ ಕನ್ನಡ ಅಕ್ಷರ: ಪದರಗಳ ಹಾಗೂ ಶೋಧಕಗಳ ಉಪಯೋಗ

ಗಣಕಯಂತ್ರದ ತೆರೆಯ ಮೇಲೆ ಕಾಣುವ ಐಕಾನ್ ಎಂಬ ಕಿರುಚಿಹ್ನೆಯು ದೊಡ್ಡ ಚಿತ್ರವೊಂದನ್ನು ಕುಗ್ಗಿಸಿದ ರೂಪವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಎಷ್ಟೋ ವಿದ್ಯಾಸಂಸ್ಥೆಗಳ ಲಾಂಛನಗಳು ಜಾಲತಾಣದ ಮೂಲೆಯಲ್ಲಿ ಮಸಿಯ ಕಲೆಗಳಂತೆ ತೋರುವುದಕ್ಕೆ ಈ ಭಾವನೆಯೇ ಕಾರಣವೆನ್ನಬಹುದು. ಮುದ್ರಣದ ಕಸುಬನ್ನು ಬಲ್ಲವರು ಹೀಗೆ ತಿಳಿದಿರಲಿಲ್ಲ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ೧೮೪೧ರಲ್ಲಿ ಆರಂಭವಾಯಿತು. ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿಯೂ, ೧೮೯೪ರಲ್ಲಿ ಕಿಟ್ಟೆಲರ ಶಬ್ದಕೋಶವು ಅಚ್ಚುಮೊಳೆಗಳಲ್ಲಿಯೂ ಈ ನಗರದಿಂದ ಹೊರಬಂದವು. ಕಲ್ಲಚ್ಚಿನಲ್ಲಿ ಕೈಬರಹವೇ ಮುದ್ರಣವಾಗುತ್ತಿತ್ತು. ಮೊಳೆಯ ವಿಷಯ ಬೇರೆ. ಅಕ್ಷರವನ್ನು ಉಕ್ಕಿನಲ್ಲಿ ಕೈಯಿಂದ ಕೊರೆಯುತ್ತಿದ್ದ ಕಾಲದಲ್ಲಿ ಪ್ರತಿಯೊಂದು ಅಳತೆಗೂ ಪ್ರತ್ಯೇಕವಾಗಿಯೇ ಕೊರೆಯಬೇಕಾಗಿತ್ತು. ಅಳತೆ ಕಿರಿದಾದಷ್ಟೂ ಗೆರೆಯನ್ನು ತುಸು ದಪ್ಪಗೊಳಿಸಿ, ಒಳಗಿನ ಬಯಲನ್ನು ಹಿಗ್ಗಿಸುತ್ತಿದ್ದರು. ಇಂದಿನ ಕಿರುಚಿಹ್ನೆಗೂ ಇದೇ ನಿಯಮ ಅನ್ವಯಿಸುತ್ತದೆ.

ಒಂದು ಉದಾಹರಣೆಯಿಂದ ವಿಷಯವನ್ನು ವಿಶದಪಡಿಸೋಣ. ಧ್ವನಿಶಾಸ್ತ್ರದ ವಿಭಾಗವೊಂದಕ್ಕೆ ಮಂಗಳೂರು ಹಂಚಿನ ಕೆಂಪು ನೆಲೆಯ ಮೇಲೆ 'ಧ' ಎಂಬ ಬಿಳಿಯ ಅಕ್ಷರವುಳ್ಳ ಚಿಹ್ನೆ ಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಅತ್ಯಂತ ಕಿರಿಯ ಅಳತೆಯಲ್ಲಿ ಚಿಹ್ನೆಗೆ ದೊರೆಯುವುದು ಅಡ್ಡಕ್ಕೆ ೧೬, ಉದ್ದಕ್ಕೆ ೧೬, ಒಟ್ಟು ೨೫೬ ಪಿಕ್ಸೆಲ್‌ಗಳು ಮಾತ್ರ. ೧೯೮೪ರ ಮ್ಯಾಕಿಂಟಾಷ್ ಗಣಕಕ್ಕಾಗಿ ಸೂಸಾನ್ ಕೇರ್ ಅವರು ಚೌಕುಳಿ ಕಾಗದದ ಮೇಲೆ ಚಿಹ್ನೆಗಳನ್ನು ರಚಿಸಿದಾಗ ಅವರಿಗೆ ೩೨×೩೨ ಮನೆಗಳಿದ್ದವು. ನಮಗಿರುವುದು ಅದರ ಕಾಲುಭಾಗ.

'ಧ'ಕಾರವನ್ನು 'ದ'ಕಾರದಿಂದ ಬೇರ್ಪಡಿಸುವುದು ಬುಡದಲ್ಲಿರುವ ಸಣ್ಣ ಸೀಳುಗೆರೆಯೊಂದೇ. ೨೫೬ ಪಿಕ್ಸೆಲ್ ಅಗಲದ ಮೂಲಚಿತ್ರದಲ್ಲಿ ಅದರ ದಪ್ಪ ೧೦ ಪಿಕ್ಸೆಲ್ ಇದ್ದರೆ, ಹದಿನಾರಕ್ಕೆ ಕುಗ್ಗಿಸಿದಾಗ ೦.೬೨೫ ಪಿಕ್ಸೆಲ್ ಉಳಿಯುವುದು. ಅರ್ಧ ಪಿಕ್ಸೆಲ್ ಎಂಬುದು ತೆರೆಯ ಮೇಲೆ ಇಲ್ಲ. ಆದುದರಿಂದ ಗಣಕವು ಸರಾಸರಿ ತೆಗೆದು ಆ ಮನೆಗೆ ನಸುಬಣ್ಣವನ್ನು ತುಂಬುತ್ತದೆ. ಗೆರೆಯು ಎರಡು ಮನೆಗಳ ನಡುವೆ ಬಿದ್ದರಂತೂ ಒಂದೊಂದಕ್ಕೂ ಮೂರನೆಯ ಒಂದು ಪಾಲಿಗಿಂತ ಕಡಿಮೆ ಬಿಳುಪು ದೊರೆತು, ಗೆರೆ ಕಣ್ಮರೆಯಾಗುವುದು. 'ಧನ'ವು 'ದನ'ವಾಗುವ ಹಳೆಯ ಪ್ರಮಾದಕ್ಕೆ ಈಗ ಯಂತ್ರವೂ ಪಾಲುಗಾರ! 'ಪ'-'ಫ', 'ಬ'-'ಭ', 'ಡ'-'ಢ' ಜೋಡಿಗಳಿಗೂ ಇದೇ ಗತಿ. ಒತ್ತಕ್ಷರಗಳನ್ನು ಈ ಅಳತೆಯಲ್ಲಿ ಪ್ರಯತ್ನಿಸದಿರುವುದೇ ಲೇಸು.

ಇಲ್ಲಿಯೇ ಪದರಗಳ ಪ್ರಯೋಜನ ಕಂಡುಬರುವುದು. ಫೋಟೋಶಾಪ್ ತಂತ್ರಾಂಶಕ್ಕೆ ೧೯೯೪ರಲ್ಲಿ ಸೇರಿದ ಲೇಯರ್ ಎಂಬ ಸೌಕರ್ಯವು ಬೆಲೆಯಿಲ್ಲದೆ ದೊರೆಯುವ ಗಿಂಪ್‌ನಲ್ಲಿಯೂ ಇದೆ. ಒಂದರ ಮೇಲೊಂದಿಟ್ಟ ಗಾಜಿನ ಹಲಗೆಗಳೆಂದು ಇವನ್ನು ಊಹಿಸಿಕೊಳ್ಳಬಹುದು. ಒಂದರಲ್ಲಿ ಬರೆದುದನ್ನು ಅಳಿಸಿದರೆ ಇನ್ನೊಂದು ಕೆಡದು. ಕೆಳಗಿನ ಪದರದಲ್ಲಿ ಹಂಚಿನ ಛಾಯಾಚಿತ್ರ, ಅದರ ಮೇಲೆ ಅಕ್ಷರದ ಒಡಲು, ಎಲ್ಲಕ್ಕೂ ಮೇಲೆ ಸೀಳುಗೆರೆ ಮಾತ್ರ: ಹೀಗೆ ಮೂರು ಪದರಗಳು ಸಾಕು. ಸೀಳುಗೆರೆಯನ್ನು ಪ್ರತ್ಯೇಕಿಸುವುದೇ ಈ ವಿಧಾನದ ಜೀವಾಳ. ಚಿತ್ರವನ್ನು ಕುಗ್ಗಿಸಿದ ಮೇಲೆ ಆ ಪದರವನ್ನು ಮರೆಮಾಡಿ, ಹೊಸ ಪದರದಲ್ಲಿ ಪೆನ್ಸಿಲ್ ಉಪಕರಣದಿಂದ ಸರಿಯಾಗಿ ಒಂದು ಪಿಕ್ಸೆಲ್ ಅಗಲದ ಗೆರೆಯನ್ನು ಎಳೆಯತಕ್ಕದ್ದು. ಅದಕ್ಕೆ ಸ್ಥಳ ಸಾಲದಿದ್ದರೆ ಒಡಲನ್ನು ಒಂದು ಸಾಲು ಮೇಲಕ್ಕೆ ಸರಿಸಬಹುದು. ಉಳಿದ ಯಾವುದನ್ನೂ ಮತ್ತೆ ಬರೆಯಬೇಕಾಗಿಲ್ಲ.

ಫಿಲ್ಟರ್ ಅಥವಾ ಶೋಧಕವೆಂಬುದು ಪ್ರತಿಯೊಂದು ಪಿಕ್ಸೆಲ್‌ನ ಬಣ್ಣವನ್ನು ಅದರ ನೆರೆಯವುಗಳೊಡನೆ ತೂಗಿ ಬದಲಿಸುವ ಲೆಕ್ಕಾಚಾರ. ನಮ್ಮ ಕಾರ್ಯಕ್ಕೆ ಎರಡು ಮುಖ್ಯ. ಮಳೆಗಾಲ ಕಂಡ ಹಂಚಿನಲ್ಲಿ ಪಾಚಿಯ ಕಲೆಗಳೂ ಮಣ್ಣಿನ ಹರಳುಗಳೂ ಇರುತ್ತವೆ. ಕುಗ್ಗಿಸಿದಾಗ ಇವು ಅರ್ಥವಿಲ್ಲದ ಚುಕ್ಕೆಗಳಾಗಿ ಅಕ್ಷರದೊಡನೆ ಸೆಣಸುತ್ತವೆ. ಗಾಸಿಯನ್ ಬ್ಲರ್ ಎಂಬ ಮಸುಕುಗೊಳಿಸುವ ಶೋಧಕವನ್ನು ಕುಗ್ಗಿಸುವ ಮೊದಲೇ, ಹಂಚಿನ ಪದರಕ್ಕಷ್ಟೇ ಪ್ರಯೋಗಿಸಿದರೆ ಕೆಂಪು ನೆಲೆ ಸಮನಾಗುವುದು. ಕುಗ್ಗಿಸಿದ ಅನಂತರ, ಅಕ್ಷರದ ಪದರಕ್ಕೆ ಅನ್‌ಶಾರ್ಪ್ ಮಾಸ್ಕ್ ಬೇಕು. ಹೆಸರು ವಿಚಿತ್ರವೆನಿಸಿದರೂ ಅದು ಕತ್ತಲೆಕೋಣೆಯಿಂದ ಬಂದುದು: ಛಾಯಾಗ್ರಾಹಕರು ನೆಗೆಟಿವ್‌ನೊಡನೆ ಅದರದೇ ಮಸುಕಾದ ಪಾಸಿಟಿವ್ ಪ್ರತಿಯನ್ನು ಜೋಡಿಸಿ ಅಂಚುಗಳನ್ನು ಸ್ಫುಟಗೊಳಿಸುತ್ತಿದ್ದರು. ಗಣಕವೂ ಮೂಲದಿಂದ ಮಸುಕು ಪ್ರತಿಯನ್ನು ಕಳೆದು, ಉಳಿದ ವ್ಯತ್ಯಾಸವನ್ನು ಮೂಲಕ್ಕೆ ಕೂಡಿಸುತ್ತದೆ. ತ್ರಿಜ್ಯವು ಒಂದು ಪಿಕ್ಸೆಲ್ ಮೀರಿದರೆ ಅಕ್ಷರದ ಸುತ್ತ ಕಪ್ಪು ಅಂಚು ಕಟ್ಟುವುದು. ನೆರಳು, ಉಬ್ಬು ಮುಂತಾದ ಅಲಂಕಾರದ ಶೋಧಕಗಳು ವಿದ್ಯಾರ್ಥಿಗಳಿಗೆ ಪ್ರಿಯವಾದರೂ ಇಲ್ಲಿ ಸಲ್ಲವು; ಮೂರು ಪಿಕ್ಸೆಲ್ ನೆರಳು ಚಿಹ್ನೆಯ ಅಗಲದ ಐದನೆಯ ಒಂದು ಪಾಲನ್ನು ನುಂಗಿಬಿಡುತ್ತದೆ.

ಸಿದ್ಧವಾದ ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಉಳಿಸಿದರೆ ಪಾರದರ್ಶಕತೆಯು ನಷ್ಟವಾಗದು; ಜೆಪೆಗ್‌ಗೆ ಆ ಗುಣವಿಲ್ಲ. ಐಕೋ ಎಂಬ ಕಡತದಲ್ಲಿ ೧೬, ೩೨, ೪೮, ೨೫೬ ಅಳತೆಗಳ ಚಿತ್ರಗಳನ್ನು ಒಟ್ಟಿಗೆ ಇರಿಸಬಹುದು. ೩೨ರ ಚಿತ್ರಕ್ಕೂ ಸೀಳುಗೆರೆಯನ್ನು ಬೇರೆಯಾಗಿಯೇ ಎಳೆಯಬೇಕು. ಕೊನೆಗೆ, ಈ ಕೆಲಸವನ್ನು ನೋಡಿರದ ಒಬ್ಬರನ್ನು ತೆರೆಯಿಂದ ಒಂದು ಮೊಳ ದೂರದಲ್ಲಿ ಕೂರಿಸಿ ಅಕ್ಷರವನ್ನು ಓದಿಸತಕ್ಕದ್ದು. ಅವರು 'ದ' ಎಂದರೆ ಮೇಲಿನ ಪದರಕ್ಕೆ ಹಿಂದಿರುಗಬೇಕು.